ಶೀನ ಮಾವ ಒಮ್ಮೆ ಮಾತ್ರ ಹೇಳಿದ್ದು

ಮೊನ್ನೆ ಅಲೆವೂರಿನ ಒಂದು ಮನೆಗೆ ಹಳೆಯ ಸ್ಕೂಟರ್ ನೋಡಲು ಹೋಗಿದ್ದೆವು. ಮಣಿಪಾಲದ ಕೆಲಸಕ್ಕೆ ಹೋಗಿಬರಲು ಮಗಳಿಗೆ ಒಂದು ಗಾಡಿ ಬೇಕಿತ್ತು. "ಎಂತ ತೊಂದರೆಯೂ ಇಲ್ಲ ಮೇಡಂ, ಹೊಸದರ ಹಾಗೆಯೇ ಉಂಟು" ಎಂದು ಮನೆಯಾತ ಹೇಳುತ್ತಿದ್ದಾಗ, ಅಂಗಳದ ಮೂಲೆಯಲ್ಲಿ ಆಚಾರಿಯೊಬ್ಬರು ಹೆಂಚಿನ ಮಾಡಿಗೆ ಹಾಕುವ ಮರದ ಪಕ್ಕಾಸುಗಳಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯ ಘಾಟು ಮೂಗಿಗೆ ಅಡರಿದ್ದೇ ತಡ, ಸ್ಕೂಟರೂ ಆತನ ಮಾತೂ ದೂರವಾದವು. ಹೆಜಮಾಡಿಯ ಹೊಳೆಬದಿಯ ನಮ್ಮ ಮನೆ ಕಣ್ಣಮುಂದೆ ಬಂತು. ಮೀನು ಒಣಹಾಕಿದ ಚಾಪೆ, ಜಗಲಿಯಲ್ಲಿ ಬೀಡಿ ಕಟ್ಟುವ ಅಮ್ಮ, ಅಡುಗೆಮನೆಯಿಂದ ಯಾರನ್ನೋ ಬೈಯುವ ಅಜ್ಜಿ, ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ದೋಣಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತ ಶೀನ ಮಾವ. ಈಗ ಆ ಮನೆ ಇಲ್ಲ. ಅದು ಇದ್ದ ಜಾಗದಲ್ಲಿ ಯಾರದೋ ಕಾಂಪೌಂಡು ಗೋಡೆ ಉಂಟು.

ಶೀನ ಮಾವ ಅಮ್ಮನ ತಮ್ಮ, ಮದುವೆಯಾಗಿರಲಿಲ್ಲ. ಮನೆಯಲ್ಲಿ ಎರಡು ದೋಣಿಗಳಿದ್ದವು. ಒಂದು ಮಾವನದು, ಮಾವಿನ ಮರದ್ದು. ಮಳೆಗಾಲ ಕಳೆದದ್ದೇ ಅದನ್ನು ದಡಕ್ಕೆಳೆದು, ಮರಳು ಹಾಕಿ ತಿಕ್ಕಿ, ಒಣಗಿಸಿ, ಮೂರು ಸಲ ಗೇರೆಣ್ಣೆ ಕುಡಿಸುತ್ತಿದ್ದರು. 'ಕುಡಿಸುವುದು' ಎಂಬುದು ಅವರದೇ ಮಾತು. ಹಸುಗೂಸಿಗೆ ಹಾಲು ಕುಡಿಸಿದಷ್ಟೇ ನಿಧಾನವಾಗಿ ಕೈ ಆಡಿಸುತ್ತಿದ್ದರು. ಬಿಸಿಲಿಗೆ ಅದರ ಮೈ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು. ಇನ್ನೊಂದು ತೀರಿಹೋದ ಅಜ್ಜನದು, ಹೆಬ್ಬಲಸಿನ ಮರದ್ದು. ಅದನ್ನು ಹೊನ್ನೆ ಮರದ ಬುಡದಲ್ಲಿ ಕವುಚಿ ಹಾಕಿದ್ದರು. ಮೇಲೆ ಪಾಚಿ, ಒಳಗೆ ಅಜ್ಜಿಯ ಕೋಳಿಗಳು. ಅದನ್ನು ದೋಣಿಯೆಂದು ನಾನು ಎಣಿಸಿಯೇ ಇರಲಿಲ್ಲ. ಭಾನುವಾರಗಳಲ್ಲಿ ಮಾವ ನನ್ನನ್ನು ಹೊಳೆಯುವ ದೋಣಿಯಲ್ಲಿ ಕೂರಿಸಿ, ಹೊಳೆ ಕಡಲು ಸೇರುವಲ್ಲಿನ ಮರಳದಿಣ್ಣೆಯವರೆಗೆ ಕರೆದೊಯ್ಯುತ್ತಿದ್ದರು.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಾವ ಮಲ್ಪೆಯ ದೊಡ್ಡ ಬೋಟಿಗೆ ಕೆಲಸಕ್ಕೆ ಸೇರುವುದೆಂದಾಯಿತು. ಒಂದು ದೋಣಿಯನ್ನು ಮಾರಿಬಿಡೋಣ ಎಂದು ಅಜ್ಜಿ ಹೇಳಿದರು. ಸುದ್ದಿ ಕೇಳಿ ಕಾಪು ಕಡೆಯಿಂದ ಲಾರೆನ್ಸ್ ಪೊರ್ಬು ಬಂದರು. ಕ್ರಿಸ್ತುವರ ಹಿರಿಯರನ್ನು ನಾವು ಪೊರ್ಬುಗಳು ಎನ್ನುವುದು. ಅವರೂ ಅವರ ಹೆಂಡತಿ ಸೆಲಿನ್ ಬಾಯಿಯೂ ಹೊಳೆಯಲ್ಲಿ ಮುಳುಗಿ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕಿ ಬದುಕುವವರು. ಅವರ ದೋಣಿ ಆ ಮಳೆಗಾಲದಲ್ಲಿ ನೆರೆಗೆ ಹೋಗಿತ್ತು. ಪೊರ್ಬುಗಳು ಅಂಗಳಕ್ಕೆ ಕಾಲಿಟ್ಟವರೇ ಹೊಳೆಯುವ ದೋಣಿಯ ಬಳಿ ನಿಂತರು, ಸವರಿದರು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಹೊನ್ನೆ ಮರದತ್ತ ತಿರುಗಿಯೂ ನೋಡಲಿಲ್ಲ.

"ಇದು ಬೇಡ ಪೊರ್ಬುಗಳೇ," ಎಂದರು ಮಾವ ಮೆಲ್ಲಗೆ. "ಇದರ ಅಡಿಗೆ ಹುಳ ಬಿದ್ದಿದೆ. ಹೊರಗಿನಿಂದ ಕಾಣುವುದಿಲ್ಲ. ಅಪ್ಪನದ್ದು ಗಟ್ಟಿ ಉಂಟು, ಅದನ್ನು ತಕೊಳ್ಳಿ."

ಪೊರ್ಬುಗಳು ಕೋಳಿಗಳನ್ನು ನೋಡಿದರು, ಮಾವನನ್ನು ನೋಡಿದರು, ನಕ್ಕರು. ಒಳ್ಳೆಯದನ್ನು ತನಗಿಟ್ಟುಕೊಳ್ಳಲು ಹೂಡಿದ ಆಟ ಎಂದು ಅವರಿಗೆ ಅನಿಸಿರಬೇಕು. ನನಗೂ ಹಾಗೆಯೇ ಅನಿಸಿತು. ಅವರು ನನ್ನ ಕಡೆ ಬಗ್ಗಿ ಕೇಳಿದರು, "ನೀನು ಹೇಳು ಮಗಾ, ಇದರಲ್ಲಿ ನೀರು ಬರ್ತದಾ?"

"ಇಲ್ಲ, ಒಂದು ತೊಟ್ಟೂ ಬರುವುದಿಲ್ಲ," ಎಂದೆ ನಾನು. ಅದು ನಿಜವಾಗಿತ್ತು. ನನ್ನ ಕಾಲು ಅದರಲ್ಲಿ ಒಮ್ಮೆಯೂ ಒದ್ದೆಯಾಗಿರಲಿಲ್ಲ. ನಮ್ಮ ದೋಣಿಯನ್ನು ಯಾರೋ ಮೆಚ್ಚಿಕೊಂಡ ಹೆಮ್ಮೆಯೂ ಆ ಮಾತಿನಲ್ಲಿತ್ತು. ಮಾವನ ಬಾಯಿಂದ ಇನ್ನೊಂದು ಮಾತು ಬರುತ್ತದೆಂದು ಕಾದೆ. ಅವರು ದೋಣಿಯ ಅಂಚಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತರು. ಅಜ್ಜಿ ಒಳಗಿನಿಂದ ಬೆಲ್ಲ, ನೀರು ತಂದರು. ಮಾರನೆಯ ದಿನ ಟೆಂಪೋ ಬಂದು ದೋಣಿಯನ್ನು ಹೊತ್ತುಕೊಂಡು ಹೋಯಿತು.

ಒಂದು ತಿಂಗಳೂ ಕಳೆದಿರಲಿಕ್ಕಿಲ್ಲ, ಸುದ್ದಿ ಬಂತು. ಹೊಳೆಯ ನಡುವೆ, ಮರುವಾಯಿ ತುಂಬಿದ್ದಾಗ, ದೋಣಿಯ ತಳ ಹಳೆಯ ರೊಟ್ಟಿಯಂತೆ ಮುರಿದು ಬಾಯ್ತೆರೆಯಿತಂತೆ. ಪೊರ್ಬುಗಳು ಈಜಿ ದಡ ಸೇರಿದರು. ಸೆಲಿನ್ ಬಾಯಿಯ ಕಾಲು ಒಡೆದ ಮರದ ಎಡೆಯಲ್ಲಿ ಸಿಕ್ಕಿಕೊಂಡಿತ್ತು. ಬಲೆ ಬೀಸುತ್ತಿದ್ದ ಯಾರೋ ಎಳೆದು ತೆಗೆಯುವಷ್ಟರಲ್ಲಿ ನೀರು ಕುಡಿದು ಎಚ್ಚರ ತಪ್ಪಿದ್ದರು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಸುದ್ದಿ ತಂದವರು ಹೋದ ಮೇಲೆ ಮಾವ ಕೋಳಿಗಳನ್ನು ಓಡಿಸಿ, ಅಜ್ಜನ ದೋಣಿಯನ್ನು ಮಗುಚಿ, ನಾಲ್ಕು ದಿನ ತಿಕ್ಕಿದರು. ಪಾಚಿಯ ಕೆಳಗೆ ಅದರ ಮರ ಅರಸಿನ ಬಣ್ಣದಲ್ಲಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅದನ್ನು ತಾವೇ ಟೆಂಪೋದಲ್ಲಿ ಹಾಕಿಕೊಂಡು ಕಾಪುವಿಗೆ ಹೋಗಿ ಕೊಟ್ಟು, ಬಸ್ಸಿನಲ್ಲಿ ಬರಿಗೈಯಲ್ಲಿ ಬಂದರು. ಎರಡು ದೋಣಿಯೂ ಹೋದ ಅಂಗಳ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ನನಗೆ ಅಲ್ಲಿ ಆಡಲು ಹೆದರಿಕೆಯಾಗುತ್ತಿತ್ತು.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೂ ಒಬ್ಬರ ಕಾಲು ಹೋಯಿತು. ನಿಜ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದರು. ಈ ಲೆಕ್ಕ ನನಗೆ ಬಿಡಿಸಲಾಗುತ್ತಿರಲಿಲ್ಲ. ಹೈಸ್ಕೂಲಿಗೆ ಹೋಗುವ ಕಾಲಕ್ಕೆ ಒಮ್ಮೆ ಧೈರ್ಯ ಮಾಡಿ ಮಾವನನ್ನು ಕೇಳಿದೆ, "ನನ್ನಿಂದ ಆದದ್ದಾ ಮಾವ?" ಅವರು ಬಲೆಯ ಕಣ್ಣು ಹೆಣೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ನಿನಗೆ ಎಂತ ಗೊತ್ತಿತ್ತು? ಗೊತ್ತಿದ್ದವನು ನಾನು. ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಕತ್ತಿ ತಂದು ಅಡಿಗೆ ಒಮ್ಮೆ ಚುಚ್ಚಿ ತೋರಿಸಿದ್ದರೆ ಆಗ್ತಿತ್ತು. ಅದನ್ನು ಚುಚ್ಚಲಿಕ್ಕೆ ನನಗೆ ಕೈ ಬರಲಿಲ್ಲ ಮಗಾ."

ಆ ಉತ್ತರದಿಂದ ನನ್ನ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಒಮ್ಮೆ ಹೇಳಿ ಸುಮ್ಮನಾದವರು ಪ್ರಾಮಾಣಿಕರೇ? ಎಷ್ಟು ಸಲ ಹೇಳಿದರೆ ಸಾಕು? ಮಾವನಷ್ಟು ನೇರ ಮನುಷ್ಯನನ್ನು ನಾನು ಕಂಡಿಲ್ಲ. ಆದರೆ ಮಾವ ಆ ದಿನ ಸುಮ್ಮನೆ ನಿಂತಿದ್ದೂ ನನ್ನ ಕಣ್ಣೆದುರೇ. ನೀವೂ ನಿಮ್ಮ ಬಾಲ್ಯದ ಒಬ್ಬರನ್ನು ಹೀಗೆ ಎರಡು ಮನಸ್ಸಿನಲ್ಲಿ ಪ್ರೀತಿಸಿರಬಹುದು; ನಿಮಗಾದರೆ ಅರ್ಥವಾಗಬಹುದು.

ಮಾವ ತೀರಿಕೊಂಡಾಗ ನಾನು ಮದುವೆಯಾಗಿ ಕಾರ್ಕಳದಲ್ಲಿದ್ದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಹೆಜಮಾಡಿಯ ಮನೆಯಲ್ಲಿ ಮಧ್ಯಾಹ್ನ, ಊಟದ ಎಲೆಗಳನ್ನು ಎತ್ತಿದ ಮೇಲೆ, ಲಾರೆನ್ಸ್ ಪೊರ್ಬುಗಳು ಬಂದರು. ಪೂರ್ತಿ ಹಣ್ಣಾಗಿದ್ದರು. ಸೆಲಿನ್ ಬಾಯಿ ಕೋಲೂರಿಕೊಂಡು ಹಿಂದೆ ಬಂದು ಜಗಲಿಯ ತುದಿಯಲ್ಲಿ ಕುಳಿತರು. ನಾನು ನೀರು ಕೊಟ್ಟು, ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಅಳುತ್ತಲೇ ಹೇಳಿಬಿಟ್ಟೆ. "ಆವತ್ತು ನೀವು ನನ್ನನ್ನು ಕೇಳಿದಿರಿ. ನೀರು ಬರುವುದಿಲ್ಲ ಅಂತ ಹೇಳಿದ್ದು ನಾನೇ."

ಪೊರ್ಬುಗಳು ಅಚ್ಚರಿಯಿಂದ ನನ್ನ ಮುಖ ನೋಡಿದರು. "ನಿನ್ನನ್ನು ಕೇಳಿದ್ದಾ? ನನಗೆ ಹಾಗೆಂತದೂ ನೆನಪಿಲ್ಲ ಮಗಾ. ಶೀನಣ್ಣ ನನ್ನ ಕೈ ಹಿಡಿದು ಬೇಡ ಬೇಡ ಅಂತ ಹತ್ತು ಸಲ ಹೇಳಿದರು. ಟೆಂಪೋಗೆ ಅಡ್ಡ ನಿಂತರು. ಕೇಳದವನು ನಾನು."

ಮಾವ ಹತ್ತು ಸಲ ಹೇಳಿರಲಿಲ್ಲ. ಟೆಂಪೋಗೆ ಅಡ್ಡ ನಿಂತಿರಲಿಲ್ಲ. ಟೆಂಪೋ ಬಂದಾಗ ಅವರು ಹಿತ್ತಿಲಲ್ಲಿದ್ದರು, ಅಂಗಳದಲ್ಲಿ ನಿಂತು ನೋಡಿದವಳು ನಾನು. ಹಾಗಾದರೆ ಪೊರ್ಬುಗಳಿಗೆ ಮರೆತುಹೋಗಿತ್ತೇ? ಅಥವಾ ಸತ್ತವರ ಮನೆಯಲ್ಲಿ, ಅಳುತ್ತಿದ್ದ ಹೆಂಗಸೊಬ್ಬಳ ಎದುರು, ಆ ವಯಸ್ಸಿನಲ್ಲಿ ಅವರು ಒಂದು ಸುಳ್ಳು ಹೇಳಿದರೇ? ನಾನು ಸೆಲಿನ್ ಬಾಯಿಯತ್ತ ನೋಡಿದೆ. ಅವರು ತಲೆ ತಗ್ಗಿಸಿ, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದರು. ಹೊರಡುವಾಗ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಬಸ್ಸು ನಿಲ್ಲುವ ಕಡೆಗೆ ನಡೆದರು, ಅವರು ಕಣ್ಮರೆಯಾಗುವವರೆಗೂ ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ.