ಸಾವಿರದ ಏಳುನೂರು ದೊಡ್ಡದೋ, ನೂರ ತೊಂಬತ್ತೋ

ಲೇತ್ ಮೆಷಿನ್ನಿನ ಮುಂದೆ ಮೀಸೆ ಹಣ್ಣಾದವನು ನಾನು. ರಾಕೆಟ್ ವಿದ್ಯೆಯನ್ನು ಹಳೆ ಪುಸ್ತಕಗಳಿಂದ ನಾನೇ ಕೆದಕಿ ಕಲಿತೆ. ತುಂಬಿದ ಕೊಡ ತುಳುಕುವುದಿಲ್ಲವಂತೆ. ನಾನು ನಡೆದ ದಾರಿಯೆಲ್ಲ ಒದ್ದೆ. ಹಾಗಾಗಿಯೇ ನಮ್ಮ ಹವ್ಯಾಸಿ ರಾಕೆಟ್ ಸಂಘಕ್ಕೆ ನಾನು ಯಜಮಾನ.

ಈ ಸಲ ಇದ್ದ ಇಂಧನ ಒಂದೇ ರಾಕೆಟ್ಟಿಗೆ ಸಾಲುವಷ್ಟು. ಸಿದ್ಧವಿದ್ದ ಎಂಜಿನ್ ಎರಡು: ಒಂದು ಸ್ಟುಡಿಯೋ ಇಟ್ಟಿರುವ ಫೋಟೋಗ್ರಾಫರನದು, ಇನ್ನೊಂದು ಗ್ಯಾಸ್ ವೆಲ್ಡಿಂಗ್ ಮಾಡುವ ನನ್ನ ತಂಗಿಯದು. ತಂಗಿಯ ಕಣ್ಣು ದಿನೇದಿನೇ ಮಂಜಾಗುತ್ತಿತ್ತು. ಅವಳು ಕೈಯಾರೆ ಬೆಸೆಯುವ ಕೊನೆಯ ಎಂಜಿನ್ ಅದೇ.

ಬೆಂಚಿನ ಮೇಲೆ ಉರಿಸಿ, ಬಂದ ದಕ್ಷತೆಯನ್ನು ಎಂಜಿನ್ನಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಸಂಘದ ರೂಢಿ. ಅಳತೆಯ ಹೆಸರು ಬೇಡ, ಬರಿಯ ಅಂಕಿ ಸಾಕು ಎಂದು ಕಟ್ಟಪ್ಪಣೆ ಮಾಡಿದವನೂ ನಾನೆಂಬ ಈ ಮಹಾನುಭಾವನೇ. ಫೋಟೋಗ್ರಾಫರನದರ ಮೇಲೆ 1700, ತಂಗಿಯದರ ಮೇಲೆ 190.

"ನೂರ ತೊಂಬತ್ತಾ? ಇದೇನು ಎಂಜಿನ್ನೋ, ಒಲೆ ಊದೋ ಕೊಳವೆಯೋ?" ಎಂದು ಎಲ್ಲರೆದುರು ನಕ್ಕು, ಫೋಟೋಗ್ರಾಫರನದನ್ನು ರಾಕೆಟ್ಟಿಗೆ ಬಿಗಿಸಿದೆ.

ತಂಗಿ ಕನ್ನಡಕ ಒರೆಸಿಕೊಂಡಳು. "ಅಣ್ಣಾ, ನಂದು ಸೆಕೆಂಡಲ್ಲಿದೆ."

"ಸೆಕೆಂಡೋ ನಿಮಿಷವೋ, ಸಣ್ಣದು ಸಣ್ಣದೇ."

"ಒಂದು ಕಿಲೋ ಇಂಧನ ಒಂದು ಕಿಲೋ ಭಾರಾನ ಎಷ್ಟು ಸೆಕೆಂಡು ಎತ್ತಿ ಹಿಡಿಯುತ್ತೆ ಅನ್ನೋದು ನನ್ನ ಲೆಕ್ಕ. ಬಿಸಿಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ನುಗ್ಗುತ್ತೆ ಅನ್ನೋದು ಅವರದು. ನಂದನ್ನ ಒಂಬತ್ತು ಪಾಯಿಂಟ್ ಎಂಟರಿಂದ ಗುಣಿಸು, ಅವರ ಅಳತೆಗೆ ಬರುತ್ತೆ."

"ಈ ಒಂಬತ್ತು ಪಾಯಿಂಟ್ ಎಂಟು ಎಲ್ಲಿಂದ ವಕ್ಕರಿಸಿತು?"

"ಭೂಮಿ ಎಳೆಯೋ ಜೋರಣ್ಣಾ ಅದು. ನಿನ್ನ ಜಂಬ ಒಂದನ್ನ ಬಿಟ್ಟು ಎಲ್ಲಾನೂ ಕೆಳಕ್ಕೆ ಎಳೆಯುತ್ತೆ."

ಎಲ್ಲರೂ ಗೊಳ್ಳೆಂದರು. ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆಯೇ ಗುಣಿಸಿದೆ. ಸಾವಿರದ ಎಂಟುನೂರ ಅರವತ್ತೆರಡು! ತಪ್ಪಾಗಿರಲಪ್ಪಾ ಎಂದುಕೊಂಡು ಮತ್ತೆ ಗುಣಿಸಿದೆ. ಲೆಕ್ಕಕ್ಕೆ ಯಜಮಾನನೆಂಬ ದಾಕ್ಷಿಣ್ಯವೆಲ್ಲಿ? ಇಂಚಿನ ಬೋಲ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಹಾಕಿದವರ ಜನ್ಮ ಜಾಲಾಡಿದ ಬಾಯಿ ಇದು.

"ಬಿಚ್ಚಲಾ ಯಜಮಾನ್ರೇ?" ಎಂದ ಫೋಟೋಗ್ರಾಫರ್, ಮುಖ ಸಪ್ಪಗೆ ಮಾಡಿಕೊಂಡು.

"ಬಿಗಿಸಿದ ಪುಣ್ಯಾತ್ಮನೇ ಬಿಚ್ಚಲಿ ಬಿಡಿ" ಎಂದಳು ತಂಗಿ.

ಬೆವರು ಸುರಿಸಿ ಬಿಚ್ಚಿದೆ. ಅವಳದನ್ನು ಕೂರಿಸಿದೆ. ಸ್ವಿಚ್ಚನ್ನು ಅವಳೇ ಒತ್ತಿದಳು, ಬಯಲಿಡೀ ಗುಡುಗಿತು.

"ಬೆಳಕು ಕಾಣ್ತು. ಮೇಲೆ ಹೋಯ್ತೇನಣ್ಣಾ?" ನನ್ನ ತೋಳನ್ನು ಬಿಗಿಯಾಗಿ ಹಿಡಿದು ಕೇಳಿದಳು.

"ಹೋಗ್ತಾ ಇದೆ ಕಣೇ" ಎಂದೆ. "ಇನ್ನೂ ಹೋಗ್ತಾನೇ ಇದೆ."