ದಫೇದಾರನ ಗೇಣು

ಸೆಲೆದೋನಿಯೊ ಹನ್ನೆರಡನೆಯ ವಯಸ್ಸಿನಿಂದ ಮ್ಯಾಡ್ರಿಡ್‌ನ ಕೆಳಕೇರಿಯಲ್ಲಿ ಗಂಡಸರ ಉಣ್ಣೆಯ ಮೇಲ್ಹೊದಿಕೆಗಳನ್ನು ಹೊಲಿಯುತ್ತ ಬಂದವನು. ಐವತ್ತು ದಾಟಿದರೂ ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಇಟ್ಟವನಲ್ಲ.

1766ರ ಮಾರ್ಚ್‌ನಲ್ಲಿ ಅರಮನೆಯ ಆಜ್ಞೆ ಹೊರಟಿತು: ಹೊದಿಕೆಯ ಅಂಚು ನೆಲದಿಂದ ಒಂದು ಗೇಣು ಮೇಲಿರಬೇಕು. ದಫೇದಾರ ಬೀದಿಯ ಮೂಲೆಯಲ್ಲಿ ನಿಂತು, ಉದ್ದವಿದ್ದುದನ್ನು ಅಲ್ಲೇ ಕತ್ತರಿಸಲು ಸೆಲೆದೋನಿಯೊನನ್ನು ಎಳೆದು ತಂದ.

ಮೊದಲು ಸಿಕ್ಕಿದವರು ದೋನ್ ಲಿಯಾಂದ್ರೊ. ದೊಡ್ಡ ಮನೆತನದವರು; ಉಳಿದದ್ದು ಹೆಸರು, ಅದರ ಮುಂದಿನ 'ದೋನ್' ಎಂಬ ಗೌರವ ಮಾತ್ರ. ಹೊದಿಕೆ ಹೊಲಿಸುವಾಗ ಅವರು ಮೆಲ್ಲಗೆ, "ನೆಲ ಗುಡಿಸೋ ಹಾಗೇ ಇರ್ಲಿ ಮಾರಾಯ" ಎಂದಿದ್ದರು. ಅವರ ಕಾಲುಚೀಲದ ತೇಪೆಗಳನ್ನು ಕಂಡಿದ್ದ ಸೆಲೆದೋನಿಯೊ ಏಕೆಂದು ಕೇಳಿರಲಿಲ್ಲ.

ಈಗ ಅವನು ಮಂಡಿಯೂರಿ, ತನ್ನ ಸಣ್ಣ ಕೈಯನ್ನು ಇನ್ನಷ್ಟು ಮುದುಡಿ ಗೇಣು ಅಳೆದು, ಸೀಮೆಸುಣ್ಣದಲ್ಲಿ ಗೀಟು ಹಾಕಿದ.

"ಏಯ್, ಅದೇನು ಗುಬ್ಬಚ್ಚಿ ಗೇಣೇನೋ?" ದಫೇದಾರ ಗದರಿದ.

"ಆಜ್ಞೇಲಿ ಗೇಣು ಅಂತಷ್ಟೇ ಇದೆ ಸ್ವಾಮಿ. ಯಾರ ಗೇಣು ಅಂತಿಲ್ಲ."

"ನನ್ನದು!" ಎಂದು ಆತ ತನ್ನ ಅಗಲವಾದ ಕೈ ಚಾಚಿ, ನಾಲ್ಕು ಬೆರಳು ಮೇಲಕ್ಕೆ ಉಗುರಿನಲ್ಲಿ ಗೀರಿದ. "ಕತ್ತರಿಸು. ಇಲ್ಲಾಂದ್ರೆ ನಾನೇ ಕೈ ಹಾಕ್ತೀನಿ."

ಆ ಕೈಗೆ ಕತ್ತರಿ ಕೊಟ್ಟರೆ ಬಟ್ಟೆ ಚಿಂದಿಯಾಗುತ್ತಿತ್ತು. ಸೆಲೆದೋನಿಯೊ ಹಲ್ಲು ಕಚ್ಚಿ ತಾನೇ ಕತ್ತರಿಸಿದ. ಅಂಚಿನ ಸುತ್ತು ಕೂದಲೆಳೆಯಷ್ಟೂ ಸೊಟ್ಟಗಾಗಲಿಲ್ಲ. ಕಾಲುಚೀಲದ ಮೂರು ಬಣ್ಣದ ನೂಲಿನ ತೇಪೆಗಳು ಬೀದಿಯವರ ಕಣ್ಣಿಗೆ ಬಿದ್ದವು.

"ಅಯ್ಯೋ, ದೋನ್ ಅವರ ಕಾಲು ತೋಟ ಆಗಿದೆ ನೋಡ್ರೇ!" ಮೀನು ಮಾರುವವಳು ಕೂಗಿದಳು. ಬೀದಿಯೆಲ್ಲ ನಕ್ಕಿತು.

ದೋನ್ ಲಿಯಾಂದ್ರೊ ಅವಳತ್ತ ನೋಡಲಿಲ್ಲ. "ಚೆನ್ನಾಗಿ ಕತ್ತರಿಸಿದೆ, ಸೆಲೆದೋನಿಯೊ" ಎಂದಷ್ಟೇ ಹೇಳಿ ನಡೆದರು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಸೆಲೆದೋನಿಯೊ ಹೊದಿಕೆಯಿಂದ ಕತ್ತರಿಸಿದ್ದ ಅದೇ ತುಂಡಿನಿಂದ ಮೊಣಕಾಲಿನವರೆಗೆ ಮುಚ್ಚುವ ಎರಡು ಕಾಲುಪಟ್ಟಿ ಹೊಲಿದು, ಅವರ ಬಾಗಿಲು ತಟ್ಟಿದ.

"ಯಾರು?"

"ನಾನು ದೋನ್, ದರ್ಜಿ. ಕಾಲಿಗೆ ಪಟ್ಟಿ ತಂದಿದ್ದೀನಿ. ನಿಮ್ಮ ಬಟ್ಟೆಯದೇ."

"ನನಗೆ ಚಳಿ ಇಲ್ಲ."

"ಚಳಿಗಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ.

ಒಳಗಿಂದ ಅಗುಳಿ ಬಿದ್ದ ಸದ್ದಾಯಿತು. ಪಟ್ಟಿಗಳನ್ನು ಹೊಸ್ತಿಲಲ್ಲಿ ಬಿಟ್ಟು ಹೋಗೋಣವೆಂದರೆ, ಯಾರಾದರೂ ಕಂಡು ಯಾರದೆಂದು ಕೇಳುತ್ತಾರೆ. ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು, ದಫೇದಾರ ಕಾಯುತ್ತಿದ್ದ ಮೂಲೆಗೆ ಮರಳಿದ.