ಬೆಲ್ಲ ತಿನ್ನದ ಇರುವೆ

ಆಗೆಲ್ಲ ನಮ್ಮ ಹೊಲದ ಬೇವಿನ ಗಿಡದ ಕೆಳಗೆ ಯಾರೂ ಕಸ ಗುಡಿಸುತ್ತಿರಲಿಲ್ಲ. ಉದುರಿದ ಎಲೆ ಉದುರಿದಲ್ಲೇ ಕೊಳೆಯುತ್ತಿತ್ತು, ಕಾಲಿಟ್ಟರೆ ಮೆತ್ತಗೆ ತಗ್ಗುತ್ತಿತ್ತು. ಮೂಡಲಗಿ ಕಡೆಯ ನಮ್ಮ ಮಂದಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ನಾನು ಎರಡನೇ ಇಯತ್ತೆಯಲ್ಲಿದ್ದಾಗ, ಕಬ್ಬು ಕಡಿಯುವ ಸುಗ್ಗಿಯಲ್ಲಿ, ಜ್ವರ ಬಂದು ತೀರಿಹೋದ ನನ್ನ ತಮ್ಮನನ್ನೂ ವಿಭೂತಿ ಹಚ್ಚಿ ಆ ಗಿಡದ ಕೆಳಗೇ ಇಟ್ಟರು. ಇನ್ನೂ ತೊಟ್ಟಿಲಲ್ಲಿದ್ದ ಕೂಸು.

"ಮಲಗ್ಯಾನವಾ, ಎಬ್ಬಿಸಬ್ಯಾಡ," ಎಂದು ಆಯಿ, ಅಂದರೆ ನನ್ನ ಅಜ್ಜಿ, ಹೇಳಿದ್ದಳು. ನಂಬಿದೆ. ನಂಬದೆ ಏನು ಮಾಡಲಿ, ಮನೆಯಲ್ಲಿದ್ದಾಗಲೂ ಅವನು ಹಗಲೆಲ್ಲ ಮಲಗುವವನೇ.

ಸಾಲಿ ಬಿಟ್ಟ ಮೇಲೆ ದಿನಾ ಅಲ್ಲಿಗೆ ಹೋಗುತ್ತಿದ್ದೆ. ಪಕ್ಕದ ಗಾಣದಿಂದ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಒಂದು ದಿನ ಹೊಟ್ಟೆಯ ಮೇಲೆ ಮಲಗಿ ಎಲೆ ಸರಿಸಿದಾಗ ಅವು ಕಂಡವು. ಗಸಗಸೆ ಕಾಳಿನಷ್ಟು ಚಿಕ್ಕ ಇರುವೆಗಳು. ಅದರಲ್ಲೊಂದು ದವಡೆ ಅಗಲಿಸಿಕೊಂಡು ಅಲ್ಲಾಡದೆ ನಿಂತಿತ್ತು. ಕಂಡೂ ಕಾಣದಂಥ ಬಿಳಿ ಹುಳವೊಂದು ಅದರ ಮುಂದೆ ಬಂತು. ದವಡೆ ಮುಚ್ಚಿತು. ಹುಳವನ್ನು ಕಚ್ಚಿಕೊಂಡು ಇರುವೆ ಒಂದು ಸಣ್ಣ ತೂತಿನೊಳಗೆ, ನನ್ನ ತಮ್ಮ ಮಲಗಿದ್ದ ಕಡೆಗೇ ಇಳಿದುಹೋಯಿತು.

ನಮ್ಮ ಮನೆಯಲ್ಲಿ ಇರುವೆ ಕೊಲ್ಲುವುದಿಲ್ಲ. ಹಿಟ್ಟೋ ಸಕ್ಕರೆಯೋ ದೂರದಲ್ಲಿ ಉದುರಿಸಿ ಅವನ್ನು ಅತ್ತ ಕಳಿಸುತ್ತಾರೆ. ನಾನೂ ಅದನ್ನೇ ಮಾಡಿದೆ. ಗಾಣದಲ್ಲಿ ಬೆಲ್ಲ ಬೇಡಿ ತಂದು ಗಿಡದಿಂದಾಚೆ ಇಟ್ಟೆ. ಕರಿ ಇರುವೆಗಳು ಸಾಲುಗಟ್ಟಿ ಬಂದು ಮುತ್ತಿಕೊಂಡವು. ಆ ಸಣ್ಣವು ಒಂದೂ ಬರಲಿಲ್ಲ. ಎಲೆ ಎತ್ತಿದಾಗಲೆಲ್ಲ ಬಾಯಿ ತೆರೆದು ಕಾಯುತ್ತಲೇ ಇರುತ್ತಿದ್ದವು. ಸುತ್ತ ಕಬ್ಬು ಕಡಿಯುವವರ ಮಾತು, ನಗು ಕೇಳುತ್ತಿದ್ದರೂ ಗಿಡದ ಕೆಳಗೆ ಯಾರೋ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

ಕೊನೆಗೆ ಆಯಿಯನ್ನು ಕೈ ಹಿಡಿದು ಎಳೆದುಕೊಂಡು ಹೋದೆ.

"ಆಯಿ, ಇವು ಬೆಲ್ಲಾ ತಿನ್ನವಲ್ವು. ತಮ್ಮನ್ನ ತಿಂತಾವು."

ಆಯಿ ಮೊಣಕಾಲೂರಿ ಬಹಳ ಹೊತ್ತು ನೋಡಿದಳು. "ಇಲ್ಲ ಯವ್ವಾ. ಇವು ಬ್ಯಾಟಿ ಆಡೂ ಇರಬಿ. ಮಿಸಕ್ಯಾಡೂದನ್ನಷ್ಟ ಹಿಡಿತಾವು. ಜೀವ ಇಲ್ಲದ್ದು ಇವಕ್ಕ ಬೇಕಾಗಂಗಿಲ್ಲ. ನಿನ್ನ ತಮ್ಮನ ತಂಟೇಕ್ಕ ಬರೂದಿಲ್ಲ, ಅಂಜಬ್ಯಾಡ."

ನನಗೆ ಎಷ್ಟು ಸಮಾಧಾನವಾಯಿತೆಂದರೆ ನಕ್ಕೇಬಿಟ್ಟೆ. ಆಮೇಲೆ ಆ ಮಾತು ನಿಧಾನವಾಗಿ ಒಳಗಿಳಿಯಿತು.

"ಹಂಗಾರ ಅವ ಮಲಗಿಲ್ಲೇನು?"

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಎಲೆಯ ಕೆಳಗೆ ಬೆರಳು ತೂರಿಸಿದೆ. ಸೂಜಿ ತಾಗಿದಂತೆ ಚುರ್ ಎಂದಿತು. ನನ್ನನ್ನು ಕಚ್ಚುತ್ತವೆ, ಅವನನ್ನು ಕಚ್ಚುವುದಿಲ್ಲ. ಅಲ್ಲೇ ಕುಳಿತು ಅತ್ತೆ. ತಮ್ಮನಿಗಾಗಿ ನಾನು ಅತ್ತದ್ದು ಅವತ್ತೇ ಮೊದಲು.

ಈಗ ಆ ಹೊಲಕ್ಕೆ ಕಳೆ ಸಾಯಿಸುವ ವಿಷದೆಣ್ಣೆ ಹೊಡೆಯುತ್ತಾರೆ. ಕಬ್ಬು ಹೋದ ಮೇಲೆ ಉಳಿದ ರವದಿಗೆ, ಆ ಒಣ ಗರಿಗಳಿಗೆ, ಬೆಂಕಿ ಹಚ್ಚುತ್ತಾರೆ. ಬೇವಿನಡಿಯೂ ಸುಟ್ಟು ಬೋಳಾಗಿದೆ. ಆಯಿಯನ್ನೂ ಅಲ್ಲೇ, ತಮ್ಮನ ಬಾಜೂ ಇಟ್ಟಿದ್ದೇವೆ. ಹೋದ ಸುಗ್ಗಿಯಲ್ಲಿ ಅಲ್ಲಿಗೆ ಹೋಗಿ ಮಣ್ಣು ಕೆದರಿ ನೋಡಿದೆ. ತೂತಿರಲಿಲ್ಲ, ಬಿಳಿ ಹುಳ ಇರಲಿಲ್ಲ. ಬೂದಿ ಬೆರೆತ ಮಣ್ಣಿನೊಳಗೆ ಬೆರಳು ತೂರಿಸಿ, ಈಗ ಕಚ್ಚೀತು, ಈಗ ಕಚ್ಚೀತು ಎಂದು ಬಿಸಿಲಲ್ಲಿ ಕಾಯುತ್ತ ಕುಳಿತೆ.

ಏನೂ ಕಚ್ಚಲಿಲ್ಲ.